ಬಿಳಿ ಐದು ರೂಪಾಯಿ, ಕೆಂಪು ಕಾಲಾಣೆ: ಎರರ್ (ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ) ನಾಣ್ಯಗಳ ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯದಲ್ಲಿ ಕಾಂಡಿಮೆಂಟ್ಸ್ ಅಂಗಡಿ ನಡೆಸುವವರು): ನಮಸ್ಕಾರ ಸಾರ್. ಗಲ್ಲಾಪೆಟ್ಟಿಗೆಯಲ್ಲಿ ಒಂದು ಐದು ರೂಪಾಯಿ ಕಾಯಿನ್ ಸಿಕ್ತು. 2014ರದ್ದು. ಉಳಿದ ಐದರ ಥರ ಹಳದಿ ಇಲ್ಲ, ಪೂರ್ತಿ ಬೆಳ್ಳಿ ಬಣ್ಣ. ಫೋಟೋ ಹಾಕಿದೀನಿ. ನಮ್ಮ ಮೈದುನ ಯೂಟ್ಯೂಬ್ ನೋಡ್ಕೊಂಡು ಮೂರು ಲಕ್ಷಕ್ಕೆ ಕಮ್ಮಿ ಕೊಡ್ಬೇಡಿ ಅಂತಾನೆ. ಇನ್ನೊಬ್ಬರು ಫೋನ್ ಮಾಡಿ ‘ನಮಗೆ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇದೆ, 2,500 ರಿಜಿಸ್ಟ್ರೇಷನ್ ಫೀಸ್ ಹಾಕಿ, ಮನೆಗೇ ಬಂದು ದುಡ್ಡು ಎಣಿಸಿ ಕೊಡ್ತೀವಿ’ ಅಂದ್ರು. ಹಾಕ್ಲಾ?

ಉತ್ತರ: ಅಕ್ಕ, ಒಂದು ರೂಪಾಯಿನೂ ಹಾಕ್ಬೇಡಿ. ಹಳೇ ನೋಟು, ನಾಣ್ಯ ಮಾರಿಸಿಕೊಡ್ತೀವಿ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೀಸು, ಕಮಿಷನ್ನು, ತೆರಿಗೆ ಕೇಳೋರನ್ನ ನಂಬಬೇಡಿ, ತಾನು ಅಂಥ ವ್ಯವಹಾರ ಮಾಡೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ನಾಣ್ಯ ಕೊಳ್ಳೋನು ದುಡ್ಡು ಕೊಡ್ತಾನೆ, ಕೇಳಲ್ಲ. ಆ ನಂಬರ್ ಬ್ಲಾಕ್ ಮಾಡಿ.

ಈಗ ನಾಣ್ಯಕ್ಕೆ ಬರೋಣ. ಫೋಟೋದಲ್ಲಿ ಬಣ್ಣ ನೋಡಿ ನಾನು ಬೆಲೆ ಹೇಳಲ್ಲ. ಟ್ಯೂಬ್‌ಲೈಟ್ ಕೆಳಗೆ ಹಿತ್ತಾಳೆನೂ ಬೆಳ್ಳಗೆ ಕಾಣುತ್ತೆ. ಟಂಕಸಾಲೆಯಲ್ಲಿ ಇದು ಆಗೋಕೆ ಸಾಧ್ಯವಾ ಅನ್ನೋದೇ ಮೊದಲ ಪ್ರಶ್ನೆ. 1992ರಿಂದ ಬಂದ ದಪ್ಪ ಐದು ರೂಪಾಯಿ ತಾಮ್ರ-ನಿಕಲ್ ಮಿಶ್ರಣ, 9 ಗ್ರಾಂ. 2007ರಲ್ಲಿ ಸ್ಟೀಲ್ ಬಂತು, 6 ಗ್ರಾಂ. 2009ರಿಂದ ಹಳದಿ ನಿಕಲ್-ಹಿತ್ತಾಳೆ, ಅದೂ 6 ಗ್ರಾಂ. ನಿಮ್ಮದು ನಿಜವಾಗ್ಲೂ ತಪ್ಪು ಬಿಲ್ಲೆ (ಚಿತ್ರ ಒತ್ತೋಕೆ ಮುಂಚಿನ ಬೋಳು ಲೋಹದ ತುಂಡು) ಮೇಲೆ ಅಚ್ಚಾಗಿದ್ರೆ ಆ ಬಿಲ್ಲೆ ಎಲ್ಲಿಂದಲೋ ಬಂದಿರಬೇಕಲ್ವಾ? ಸ್ಟೀಲ್ ಆಗಿದ್ರೆ ಅಯಸ್ಕಾಂತಕ್ಕೆ ಅಂಟಬೇಕು. ಪಕ್ಕದ ಚಿನ್ನದಂಗಡಿಯಲ್ಲಿ ತೂಕ ಹಾಕಿಸಿ, ಸ್ಪೀಕರ್ ಮ್ಯಾಗ್ನೆಟ್ ಹತ್ರ ಇಟ್ಟು ನೋಡಿ, ಎರಡನ್ನೂ ತಿಳಿಸಿ.

ಅದೇ ಸದಸ್ಯೆ: ತೂಕ 6.03 ಬಂತು ಸಾರ್. ಅಯಸ್ಕಾಂತಕ್ಕೆ ಅಂಟ್ಲಿಲ್ಲ.

ಉತ್ತರ: ಅಂಟಲಿಲ್ಲ ಅಂದ್ಮೇಲೆ ಸ್ಟೀಲ್ ಅಲ್ಲ. ಆರು ಗ್ರಾಂ ಅಂದ್ಮೇಲೆ ಹಳೇ ಒಂಬತ್ತು ಗ್ರಾಂ ಬಿಲ್ಲೆನೂ ಅಲ್ಲ. ಹೊರಗಡೆ ಯಾರೋ ಬಿಳಿ ಕೋಟಿಂಗ್ ಹಾಕಿಸಿದಾರೆ ಅಂತ ಅನುಮಾನ. ಈಗ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಸಿಂಹದ ಎದೆ ಭಾಗ, ಆಮೇಲೆ ಅಂಚಿನ ಗೀರುಗಳ ತುದಿ ನೋಡಿ. ಕೈಗೆ ಮೊದಲು ಸವೆಯೋದು ಆ ಉಬ್ಬುಗಳೇ.

ಅದೇ ಸದಸ್ಯೆ: ಅಂಚಲ್ಲಿ ಎರಡು ಮೂರು ಕಡೆ ಹಳದಿ ಇಣುಕ್ತಾ ಇದೆ ಸಾರ್. ಸಿಂಹದ ಮೇಲೂ ಒಂದು ಚುಕ್ಕೆ.

ಉತ್ತರ: ಹಾಗಾದ್ರೆ ಮುಗೀತು. ಕಲಾಯಿ ಸವೆದ ಹಿತ್ತಾಳೆ ಪಾತ್ರೆ ಒಳಗಿಂದ ಹಳದಿ ಕಾಣೋ ಹಾಗೆ ಅದು. ಲೋಹವೇ ಬಿಳಿಯದಾಗಿದ್ರೆ ಎಷ್ಟು ಸವೆದ್ರೂ ಒಳಗೂ ಬಿಳಿಯೇ ಇರುತ್ತೆ. ಬೆಲೆ ಐದು ರೂಪಾಯಿ. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಯಲ್ಲಿ ಹುಡುಗರು ತಮಾಷೆಗೆ ಅದ್ದಿರ್ತಾರೆ, ಕೆಲವರು ಮಾರೋಕೆ ಅಂತಾನೇ ಮಾಡ್ತಾರೆ. ಚಿನ್ನದ ನೀರು ಕೊಟ್ಟ ಒಂದು ರೂಪಾಯಿ ಕೂಡ ಇದೇ ಜಾತಿ. ಇನ್ನು ‘ಗುಲಾಬಿ ಬಣ್ಣದ ಅಪರೂಪದ ಐದು ರೂಪಾಯಿ’ ಅಂತ ಬರುತ್ತಲ್ಲ, ಅದು ಬಹುಪಾಲು ಆಸಿಡ್‌ನಲ್ಲಿ ನೆನೆಸಿದ್ದು. ಮೇಲ್ಪದರದ ಸತು ಕರಗಿ ಹೋಗಿ ತಾಮ್ರ ಉಳಿಯುತ್ತೆ, ಅಷ್ಟೇ.

ಪ್ರಶ್ನೆ (ಕೆ.ಆರ್. ಪೇಟೆ, ನಿವೃತ್ತ ಮೇಷ್ಟ್ರು): ನಮ್ಮ ತಾಯಿಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ಕಾಲದ ಕಾಲಾಣೆಗಳು ಸಿಕ್ಕಿವೆ. ಹೆಚ್ಚಿನವು ಕಂದು, ಎರಡು ಮಾತ್ರ ಕೆಂಪಗೆ ಹೊಳೆಯುತ್ತವೆ. ಕೆಂಪಿಗೆ ಬೆಲೆ ಹೆಚ್ಚೆಂದು ಕೇಳಿದ್ದೇನೆ. ಪರೀಕ್ಷೆ ಹೇಗೆ?

ಉತ್ತರ: ಮೇಷ್ಟ್ರೇ, ಕೇಳಿದ್ದು ಸರಿ. ತಾಮ್ರ, ಕಂಚಿನ ನಾಣ್ಯವನ್ನು ಕೆಂಪು, ಕೆಂಪು-ಕಂದು, ಕಂದು ಅಂತ ಮೂರಾಗಿ ವಿಂಗಡಿಸ್ತಾರೆ. ಟಂಕಸಾಲೆಯಿಂದ ಬಂದ ಮೂಲ ಕೆಂಪು ಉಳಿದಿದ್ರೆ ಅದಕ್ಕೇ ಹೆಚ್ಚು ಬೆಲೆ. ಆದರೆ ‘ಮೂಲ’ ಅನ್ನೋ ಮಾತಿನ ಮೇಲೇ ಎಲ್ಲ ನಿಂತಿರೋದು. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನ ಓರೆ ಮಾಡಿ ತಿರುಗಿಸಿ. ಮೂಲ ಹೊಳಪಿದ್ರೆ ಬೆಳಕಿನ ಪಟ್ಟೆ ಮೈಮೇಲೆ ಸುತ್ತುತ್ತಾ ಹೋಗುತ್ತೆ. ಉಬ್ಬಿದ ಕಡೆ ಸ್ವಲ್ಪ ಕಂದು ತಿರುಗಿ, ಅಕ್ಷರಗಳ ಸಂದಿಯಲ್ಲಿ ಕೆಂಪು ಉಳಿದಿರುತ್ತೆ. ಉಜ್ಜಿದ ನಾಣ್ಯದಲ್ಲಿ ಇದು ಉಲ್ಟಾ: ಉಬ್ಬೆಲ್ಲ ಒಂದೇ ಸಮ ನಸುಗೆಂಪು, ಸಂದಿಯಲ್ಲಿ ಕಪ್ಪು ಕೊಳೆ, ಲೆನ್ಸ್ ಹಿಡಿದರೆ ಒಂದೇ ದಿಕ್ಕಿಗೆ ಕೂದಲೆಳೆ ಗೀರುಗಳು.

ಬಣ್ಣಕ್ಕಿಂತ ಮೊದಲು ಇಸವಿ ನೋಡಿ. 1911 ಇದ್ದರೆ ಬೇರೆ ಇಡಿ. ಆ ವರ್ಷದ ರೂಪಾಯಿ, ಕಾಲಾಣೆಗಳಲ್ಲಿ ರಾಜನ ನಿಲುವಂಗಿ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಜನ ಗಲಾಟೆ ಮಾಡಿ, 1912ರಿಂದ ಚಿತ್ರ ತಿದ್ದಿದರು. ದಸರಾ ಆನೆ ನೋಡಿ ಬೆಳೆದ ನಮಗಂತೂ ಆ ಸೊಂಡಿಲು ಒಪ್ಪೋದೇ ಇಲ್ಲ ಬಿಡಿ. ಇದು ಅಚ್ಚು ಹಾಕುವಾಗ ಆದ ಎರರ್ ಅಲ್ಲ, ಚಿತ್ರದ ದೋಷ. ಆ ವರ್ಷದ್ದು ಎಲ್ಲವೂ ಹಾಗೇ.

ಮತ್ತೊಬ್ಬ ಸದಸ್ಯರು: ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ರೆ ಎಲ್ಲಾ ಕಾಲಾಣೆನೂ ಕೆಂಪಾಗುತ್ತೆ ಮೇಷ್ಟ್ರೇ!

ಉತ್ತರ: ದಯವಿಟ್ಟು ಬೇಡ. ದೇವರ ದೀಪ ತಿಕ್ಕಿ, ನಾಣ್ಯ ಬಿಡಿ. ನೂರು ವರ್ಷ ಕೂತು ಬಂದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗುತ್ತೆ, ಅದರ ಜತೆ ಬೆಲೆನೂ.

ಪ್ರಶ್ನೆ (ಮೈಸೂರು, ಇಂಜಿನಿಯರಿಂಗ್ ವಿದ್ಯಾರ್ಥಿ): ಅಣ್ಣಾ, ಎರಡು ನಾಣ್ಯ ಇವೆ. ಒಂದು ರೂಪಾಯಿ 1998ರದ್ದು, ಚಿತ್ರ ಪಕ್ಕಕ್ಕೆ ಸರಿದು ಅರ್ಧಚಂದ್ರದಷ್ಟು ಜಾಗ ಖಾಲಿ. ಇನ್ನೊಂದು ಎರಡು ರೂಪಾಯಿ, ಒಂದು ಕಡೆ ಸಿಂಹ ಸರಿ ಇದೆ, ಇನ್ನೊಂದು ಮುಖ ತಲೆಕೆಳಗು. ಆನ್‌ಲೈನಲ್ಲಿ ಇಂಥದ್ದಕ್ಕೆ 50 ಸಾವಿರ ಹಾಕಿದಾರೆ.

ಉತ್ತರ: ತಮ್ಮಾ, ಹಾಕಿರೋ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜು ಮನೆಗಳು ಮುಗಿದ ಹರಾಜಿನ ಫಲಿತಾಂಶ ಹಾಕ್ತವೆ, ಅದನ್ನ ನೋಡು.

ಮೊದಲನೇದು ಅಸಲಿ ಆಫ್-ಸೆಂಟರ್ (ಚಿತ್ರ ನಡುವಿನಿಂದ ಸರಿದು ಅಚ್ಚಾದದ್ದು) ಆಗಿದ್ರೆ ನಾಣ್ಯ ಪೂರ್ತಿ ದುಂಡಗಿರಲ್ಲ. ಒತ್ತುವಾಗ ಬಿಲ್ಲೆ ಸುತ್ತಲಿನ ಉಂಗುರದೊಳಗೆ ಸರಿಯಾಗಿ ಕೂತಿರಲ್ಲ, ಅದಕ್ಕೇ ಲೋಹ ಹೊರಗೆ ಹರಡುತ್ತೆ. ಹಿಂದಿನ ಮುಖದಲ್ಲೂ ಚಿತ್ರ ಅದೇ ಕಡೆಗೆ, ಅಷ್ಟೇ ಸರಿದಿರಬೇಕು. ಒಂದೇ ಮುಖ ಸರಿದಿದ್ರೆ ಅನುಮಾನ ಪಡು. ಇಸವಿ, ಅದರ ಕೆಳಗಿನ ಟಂಕಸಾಲೆ ಗುರುತು ಎರಡೂ ಕಂಡರೆ ಬೆಲೆ ಜಾಸ್ತಿ: ವಜ್ರಾಕಾರ ಮುಂಬಯಿ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದ್ದು ಕೋಲ್ಕತ್ತ. (ನಮ್ಮ ಮೈಸೂರಿನ ಮೇಟಗಳ್ಳಿ ಪ್ರೆಸ್ಸಲ್ಲಿ ಆಗೋದು ನೋಟು ಮಾತ್ರ. ‘ಮೈಸೂರು ಮಿಂಟ್ ಐದು ರೂಪಾಯಿ’ ಅಂತ ಯಾರಾದ್ರೂ ಮಾರಿದ್ರೆ ನಕ್ಕು ಬಾ.) ಒಂಚೂರು ಸರಿದದ್ದಕ್ಕೆ ಗಿರಾಕಿ ಕಮ್ಮಿ. ಅರ್ಧದಷ್ಟು ಸರಿದು ಇಸವಿ ಉಳಿದಿದ್ರೆ ಎಲ್ಲರೂ ಕೇಳ್ತಾರೆ.

ಎರಡನೇದಕ್ಕೆ: ಸಿಂಹ ನೆಟ್ಟಗಿರೋ ಹಾಗೆ ಮೇಲಂಚು, ಕೆಳಂಚು ಹಿಡಿದು ಗಿರ್ ಅಂತ ತಿರುಗಿಸು. ನಮ್ಮ ನಾಣ್ಯದಲ್ಲಿ ಹಿಂದಿನ ಮುಖವೂ ನೆಟ್ಟಗೆ ಬರಬೇಕು. ಅಮೆರಿಕದ್ದಾದ್ರೆ ತಲೆಕೆಳಗೇ ಬರುತ್ತೆ, ಅದು ಅವರ ಪದ್ಧತಿ. ನಿಂದು ಪೂರ್ತಿ ತಲೆಕೆಳಗಾಗಿದ್ರೆ ಅಚ್ಚು ತಿರುಗಿದ ಎರರ್ ನಿಜ, ಆದರೆ ಸಂತೆಯಲ್ಲಿ ಇಂಥವು ಬೇಕಾದಷ್ಟಿವೆ. ಸವೆದಿದ್ರೆ ನನ್ನ ಅಂಗಡಿಯಲ್ಲಿ ನೂರು ರೂಪಾಯಿ ಮೇಲೆ ಕೊಡಲ್ಲ. ಹತ್ತು ಹದಿನೈದು ಡಿಗ್ರಿ ಮಾತ್ರ ವಾಲಿದ್ರೆ ಬಸ್ ಚಾರ್ಜಿಗೆ ಇಟ್ಕೋ.

ಅದೇ ವಿದ್ಯಾರ್ಥಿ: ಪ್ಲಾಸ್ಟಿಕ್ ಆಲ್ಬಮ್ಮಲ್ಲಿ ಇಟ್ರೆ ಸಾಕಾ?

ಉತ್ತರ: ಮೆತ್ತನೆ, ವಾಸನೆ ಬರೋ ಪಿವಿಸಿ ಹಾಳೆ ಬೇಡ. ಒಂದೆರಡು ಮಳೆಗಾಲ ಕಳೆದ್ರೆ ಹಸಿರು ಅಂಟು ಬಿಡುತ್ತೆ. ಮೈಲಾರ್ (ಪಿವಿಸಿ ಅಲ್ಲದ ತೆಳು ಪಾರದರ್ಶಕ ಹಾಳೆ) ಕಿಟಕಿ ಇರೋ ರಟ್ಟಿನ ಹೋಲ್ಡರ್ ತಗೋ.

ಪ್ರಶ್ನೆ (ಶ್ರೀರಂಗಪಟ್ಟಣದ ಹತ್ತಿರದ ರೈತರು): ಗದ್ದೆ ಉಳುವಾಗ ಆನೆ ಚಿತ್ರದ ತಾಮ್ರದ ಕಾಸು ಸಿಕ್ಕವೆ. ಹಸಿರು ಬಣ್ಣ ಬಂದೈತೆ. ಮಾರಬಹುದಾ?

ಉತ್ತರ: ಗೌಡ್ರೇ, ಟಿಪ್ಪು ಕಾಲದ ತಾಮ್ರದ ಕಾಸಲ್ಲಿ ಆನೆ ಇರುತ್ತೆ, ಶ್ರೀರಂಗಪಟ್ಟಣದಲ್ಲೇ ಟಂಕಸಾಲೆ ಇತ್ತು. ಆದರೆ ಮಣ್ಣಲ್ಲಿ ಸಿಕ್ಕ ಹಳೇ ಕಾಸಿಗೆ ನಿಧಿ ಕಾನೂನಿದೆ. ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಇಸ್ಕೊಳ್ಳಿ. ನಾನಾಗಲಿ ಬೇರೆಯವರಾಗಲಿ ಈಗ ಕೊಳ್ಳೋ ಹಾಗಿಲ್ಲ. ತೊಳೆಯೋಕೆ ಹೋಗ್ಬೇಡಿ. ಗಟ್ಟಿ, ನುಣುಪು ಹಸಿರಿದ್ರೆ ಕಾಸಿಗೆ ಅಪಾಯವಿಲ್ಲ. ಉಗುರಿಗೆ ಪುಡಿಪುಡಿಯಾಗಿ ಬರೋ ತಿಳಿಹಸಿರು ಇದ್ರೆ ಲೋಹ ತಿಂತಾ ಇದೆ ಅಂತ ಅರ್ಥ. ಅಂಥದ್ದನ್ನ ಬೇರೆ ಕಾಗದದಲ್ಲಿ ಕಟ್ಟಿ, ತೇವ ತಾಗದ ಕಡೆ ಇಡಿ.