ಸಹಾಯ ಬೇಕು: ಅನಾಥಾಲಯದ ಮೆಕ್ಕೆಜೋಳ ಸಾಕಷ್ಟು ಒಣಗಿದೆಯಾ?

ನಮಸ್ಕಾರ. ನಾನಿರುವುದು ನೈರೋಬಿಯಲ್ಲಿ. ಕೀನ್ಯಾದ ಕಿಟುಯಿ ಕಡೆಯ ಹಳ್ಳಿಯೊಂದರ ಅನಾಥಾಲಯಕ್ಕೆ ನಾವು ಕೆಲವರು ದಿನಸಿ ಕೊಡಿಸುತ್ತೇವೆ. ಅಲ್ಲಿನ ಮುದ್ದೆ ಉಗಾಲಿಗೂ, ಬೀನ್ಸ್ ಜೊತೆ ಬೇಯಿಸುವ ಗಿಥೇರಿಗೂ ಮೆಕ್ಕೆಜೋಳವೇ ಬೇಕು. ಸುಗ್ಗಿಯಲ್ಲಿ ಅಗ್ಗ ಅಂತ ಜಾಸ್ತಿ ಕೊಂಡಿಟ್ಟರೆ ಬೂಷ್ಟಿನ ಭಯ. 2004ರಲ್ಲಿ ಈ ಭಾಗದಲ್ಲೇ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಸೇರಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಮಕ್ಕಳ ಊಟ, ಸುಮ್ನೆ ಅಂದಾಜಿನ ಮೇಲೆ ಬಿಡಲು ಆಗುವುದಿಲ್ಲ ಅಲ್ವಾ?

ಟಾರ್ಪಾಲಿನ್ ಮೇಲೆ ಚೆನ್ನಾಗಿ ಒಣಗಿಸಿದ್ದೇವೆ. ಗಾಳಿಯಾಡದ ಚೀಲಗಳೂ ಬಂದಿವೆ. ಗಾಜಿನ ಬಾಟಲಿಯಲ್ಲಿ ಕಾಳು, ಒಣ ಉಪ್ಪು ಹಾಕಿ ಕುಲುಕಿದೆವು. ಉಪ್ಪು ಗಾಜಿಗೆ ಅಂಟಲಿಲ್ಲ. ಆದರೆ ಅದರಿಂದ ತೇವ ಶೇ. 15ಕ್ಕಿಂತ ಕಡಿಮೆ ಅಂತಷ್ಟೇ ಗೊತ್ತಾಗುತ್ತದೆ. ಚೀಲ ಕಟ್ಟಲು ಶೇ. 13.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ದಾವಣಗೆರೆ, ಹಾವೇರಿ ಕಡೆಯ ಬೆಳೆಗಾರರೇ, ತೇವ ಅಳೆಯುವ ಮೀಟರ್ ಇಲ್ಲದೆ ಅಷ್ಟಕ್ಕೆ ಇಳಿದಿದೆ ಅಂತ ನೀವು ಹೇಗೆ ಖಚಿತ ಮಾಡಿಕೊಳ್ಳುತ್ತೀರಿ?