ಚಂಡೆ ಪೆಟ್ಟು ಬಿದ್ದರೆ ಹೆಡ್‌ಲೈಟ್ ಮಂಕು, ಆಂಪ್ ಪ್ರೊಟೆಕ್ಟ್‌ಗೆ! ಎಲ್ಲಾ ಮಾಡಿ ಸಾಕಾಯ್ತು

ಬದಿಯಡ್ಕ_ಭಾವ · ಶನಿವಾರ ರಾತ್ರಿ 10:52

ಮಂಡೆಬಿಸಿಯಲ್ಲಿ ಬರೆಯುತ್ತಿದ್ದೇನೆ. ಗಾಡಿಗೆ 2000 ವಾಟಿನ ಆಂಪ್ (ಆಂಪ್ಲಿಫೈಯರ್), 12 ಇಂಚಿನ ಸಬ್ (ಬೇಸ್ ಸ್ಪೀಕರ್) ಹಾಕಿ ನಾಲ್ಕು ತಿಂಗಳಾಯಿತು. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ ವಾಲ್ಯೂಮ್ ಅರ್ಧ ದಾಟಿದರೆ ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಕಣ್ಣು ಮಿಟುಕಿಸುತ್ತದೆ. ಇನ್ನೂ ಏರಿಸಿದರೆ ಆಂಪಿನಲ್ಲಿ ಪ್ರೊಟೆಕ್ಟಿನ ಕೆಂಪು ದೀಪ, ಶಬ್ದ ಬಂದ್. ನಿನ್ನೆ ಯಕ್ಷಗಾನ ಆಟದ ರೆಕಾರ್ಡಿಂಗ್ ಹಾಕಿಕೊಂಡು ಬರುತ್ತಿದ್ದೆ. ಬಣ್ಣದ ವೇಷದ ಪ್ರವೇಶಕ್ಕೆ ಚಂಡೆ ಏರಿತು, ಅಷ್ಟರಲ್ಲಿ ಆಂಪ್ ವೇಷ ಬಿಚ್ಚಿ ಚೌಕಿಗೆ ಹೋಗಿ ಕೂತಿತು.

ಬ್ಯಾಟರಿ ಹೊಸದು. ವೋಲ್ಟ್ ಸರಿ ಉಂಟು. ಇನ್ನೆಂತ ಮಾಡುವುದು?

ಉಪ್ಪಳ_ಬೇಸ್ · 11:05

ಕರೆಂಟ್ ತುಂಬಿಸಿಟ್ಟು ಬೇಕಾದಾಗ ಕೊಡುವ 1 ಫ್ಯಾರಡ್ ಕೆಪಾಸಿಟರ್ ಹಾಕಿ ಮಾರಾಯ್ರೆ. ಕಣ್ಣು ಮುಚ್ಚಿ ಹಾಕಿ. ಲೈಟ್ ಮಿಟುಕುವುದಕ್ಕೆ ಮದ್ದು ಅದೊಂದೇ.

ಮುಳ್ಳೇರಿಯ_12ವೋಲ್ಟ್ · 11:20

ಗಾಡಿ ಯಾವುದು ಅಂತಲೇ ಹೇಳಲಿಲ್ಲ! ವಯರ್ ಎಷ್ಟು ಗೇಜ್ (ನಂಬರ್ ಸಣ್ಣದಾದಷ್ಟು ವಯರ್ ದಪ್ಪ)? ಆಂಪಿನ ಮೈಮೇಲೆ ಫ್ಯೂಸ್ ಎಷ್ಟರದ್ದು?

2000 ವಾಟ್ ಅನ್ನುವುದು ರಟ್ಟಿನ ಪೆಟ್ಟಿಗೆಯ ಮೇಲಿನ ಲೆಕ್ಕ. ಏನೂ ನಷ್ಟವಿಲ್ಲ ಅಂದುಕೊಂಡರೂ ಅಷ್ಟಕ್ಕೆ 13.8 ವೋಲ್ಟಿನಲ್ಲಿ 145 ಆಂಪಿಯರ್ ಬೇಕು. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ನಿಮ್ಮ ಆಲ್ಟರ್ನೇಟರ್ ಅಷ್ಟು ಕೊಡುವುದಿಲ್ಲ. ದೊಡ್ಡ ಆಲ್ಟರ್ನೇಟರ್ ಹಾಕದೆ ಇದು ಸರಿಯಾಗುವ ಕೆಲಸವಲ್ಲ.

ಬದಿಯಡ್ಕ_ಭಾವ · ಭಾನುವಾರ ಬೆಳಿಗ್ಗೆ 7:30

ಗಾಡಿ ಆಲ್ಟೋ, 2008ರದ್ದು. ನನ್ನ ಹಳೆ ಪೋಸ್ಟುಗಳಲ್ಲಿ ಉಂಟಲ್ಲ. ವಯರ್ 8 ಗೇಜ್, ಕಿಟ್‌ನಲ್ಲಿ ಬಂದದ್ದು. ಆಂಪಿನ ಮೇಲೆ 25 ಆಂಪಿಯರಿನ ಎರಡು ಫ್ಯೂಸ್. ಕಿಟ್‌ನ ದೊಡ್ಡ ಫ್ಯೂಸ್ ಡಿಕ್ಕಿಯಲ್ಲಿ ಆಂಪಿನ ಹತ್ತಿರವೇ ಇಟ್ಟಿದ್ದೇನೆ. ಬದಲಾಯಿಸಲು ಸುಲಭ ಅಂತ.

ಮುಳ್ಳೇರಿಯ_12ವೋಲ್ಟ್ · 7:41

ಫ್ಯೂಸ್ ಡಿಕ್ಕಿಯಲ್ಲಾ?? ಮೊದಲು ಅದನ್ನು ತೆಗೆಯಿರಿ. ಫ್ಯೂಸ್ ಇರುವುದು ಆಂಪ್ ಉಳಿಸಲಿಕ್ಕಲ್ಲ, ವಯರ್ ಉಳಿಸಲಿಕ್ಕೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಈಗ ಸೀಟಿನಡಿ ವಯರಿನ ಸಿಪ್ಪೆ ತಾಗಿ ಸವೆದು ಗಾಡಿ ಬಾಡಿಯ ತಗಡಿಗೆ ಮುಟ್ಟಿತು ಅಂತಿಟ್ಟುಕೊಳ್ಳಿ. ಬ್ಯಾಟರಿಗೂ ಬೆಂಕಿಗೂ ನಡುವೆ ಏನೂ ಇಲ್ಲ.

ಎರಡು 25 ಅಂದರೆ 50 ಆಂಪಿಯರ್. ಕ್ಲಾಸ್ ಡಿ, ಅಂದರೆ ನಷ್ಟ ಕಡಿಮೆ ಇರುವ ಜಾತಿಯ ಆಂಪ್ ಆದರೆ ನಿಜವಾಗಿ ಸಿಗುವುದು 500 ವಾಟ್ ಆಸುಪಾಸು. ಸಣ್ಣ ಗಾಡಿಯ ಆಲ್ಟರ್ನೇಟರಿಗೆ ಅದೂ ಭಾರವೇ. ನನ್ನ ಮಾತು ಬದಲಾಗುವುದಿಲ್ಲ.

ತೆಂಕು_ಕಿವಿ · 8:15

ಸಣ್ಣ ತಿದ್ದುಪಡಿ. ಚಂಡೆಗೆ ಸಬ್ ಅಷ್ಟು ಕುಣಿಯುತ್ತದೆ ಅಂದರೆ ಕ್ರಾಸ್‌ಓವರ್ ತಪ್ಪಿದೆ. ಸಬ್ಬಿಗೆ ತಗ್ಗು ಸದ್ದು ಮಾತ್ರ ಬಿಡುವ ಲೋ ಪಾಸ್ 80 ಹರ್ಟ್ಜಿಗೆ ಇಳಿಸಿ. ಕೆಳಗೆ ಗುಮ್ಮೆನ್ನುವುದು ಮದ್ದಳೆ, ಚಂಡೆಯಲ್ಲ.

ಉಪ್ಪಳ_ಬೇಸ್ · 8:32

ತೆಂಕುತಿಟ್ಟಿನ ಚಂಡೆ ಅಂದರೆ ಕೇರಳದ ಚೆಂಡೆಯೇ. ಅದಕ್ಕೆ ಗಾತ್ರ ಉಂಟು. ಬಡಗುತಿಟ್ಟಿನದ್ದು ಕೇಳಿ ಮಾತಾಡಬೇಡಿ.

ತೆಂಕು_ಕಿವಿ · 8:34

ನಾನು ಹುಟ್ಟಿದ್ದೇ ತೆಂಕಿನ ಆಟ ನೋಡಿಕೊಂಡು. ಹೆಸರು ನೋಡಿ ಸ್ವಾಮಿ.

ಉಪ್ಪಳ_ಬೇಸ್ · 8:50

ಇರಲಿ. ನನ್ನ ಜೀಪಿನಲ್ಲಿ ಎರಡು ಬ್ಯಾಟರಿ, 0 ಗೇಜ್ ತಾಮ್ರ, ಎರಡು 15 ಇಂಚು. ಬಾಯಾರು ಕಡೆ ಏರುವಾಗ ಬಾಗಿಲಿನ ರಬ್ಬರ್ ಕಳಚಿ ಬಂತು. ಲೈಟ್ ಕಣ್ಣು ಮಿಟುಕಿಸುವುದೇ ಇಲ್ಲ. ಯಾಕೆ? ಕೆಪಾಸಿಟರ್.

ನೀರ್ಚಾಲು_ಮೀಟರ್ · 9:40

ಭಾವ, "ವೋಲ್ಟ್ ಸರಿ ಉಂಟು" ಅಂದಿರಿ. ಎಲ್ಲಿ ಇಟ್ಟು ನೋಡಿದ್ದು? ಗಾಡಿ ಆಫ್ ಇದ್ದಾಗಲೋ, ಬೇಸ್ ಬಡಿಯುವಾಗಲೋ?

ಬದಿಯಡ್ಕ_ಭಾವ · 10:25

ಬ್ಯಾಟರಿಯ ಮೇಲೆ. ಇಂಜಿನ್ ಓಡುತ್ತಿತ್ತು. ಬೇಸ್ ಬಡಿಯುವಾಗಲೂ 13.6.

ಡಿಕ್ಕಿಯ ಫೋಟೋ ಹಾಕಿದ್ದೇನೆ, ಎಲ್ಲ ನೀಟಾಗಿ ಉಂಟು ನೋಡಿ.

ಮುಳ್ಳೇರಿಯ_12ವೋಲ್ಟ್ · 10:38

ನೀಟಾ! ಆಂಪಿನ ಮೈನಸ್ ವಯರ್ ಬಾಡಿಗೆ ಬಿಗಿದ ಅರ್ತ್ ಬೋಲ್ಟಿನ ಸುತ್ತ ನೀಲಿ ನೀಲಿ ಎಂತದು? ತೋಟಕ್ಕೆ ಮದ್ದು ಬಿಡುವ ಸಾಮಾನು ಇದೇ ಗಾಡಿಯಲ್ಲಾ?

ಬದಿಯಡ್ಕ_ಭಾವ · 10:44

ಮತ್ತೆ ತಲೆಯಲ್ಲಿ ಹೊರಬೇಕಾ? ಆಟಿ ತಿಂಗಳಲ್ಲಿ ಮೈಲುತುತ್ತಿನ ಚೀಲ ಒಮ್ಮೆ ಒಡೆದಿತ್ತು. ಒರೆಸಿದ್ದೇನೆ.

ಮುಳ್ಳೇರಿಯ_12ವೋಲ್ಟ್ · 10:52

ಆಯಿತು, ಸಿಕ್ಕಿತು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಬೋಲ್ಟ್ ಬಿಚ್ಚಿ, ಉಪ್ಪುಕಾಗದ ಹಾಕಿ ಬಣ್ಣ, ತುಕ್ಕು ತೆಗೆದು ಹೊಳೆಯುವ ತಗಡು ಕಾಣುವ ಹಾಗೆ ಮಾಡಿ. ವಯರಿನ ತುದಿಗೆ ಹೊಸ ಲಗ್ (ಬಳೆ) ಹಾಕಿ ಬಿಗಿಯಿರಿ, ಮೇಲಿಂದ ಗ್ರೀಸ್. ಆಲ್ಟರ್ನೇಟರ್ ಆಮೇಲೆ ನೋಡುವ.

ಬದಿಯಡ್ಕ_ಭಾವ · ಭಾನುವಾರ ಸಂಜೆ 6:10

ಮಾಡಿದೆ. ಫ್ಯೂಸನ್ನೂ ಬ್ಯಾಟರಿ ಹತ್ತಿರ ತಂದೆ. ಮೊಣಕಾಲು ಹೋಯಿತು. ಲೈಟ್ ಮಾತ್ರ ಹಾಗೇ. ಒಂದು ಕೂದಲಿನಷ್ಟು ಕಡಿಮೆಯಾಗಿರಬಹುದು. ಇನ್ನು ಆ ಕೆಪಾಸಿಟರೇ ತರುತ್ತೇನೆ.

ನೀರ್ಚಾಲು_ಮೀಟರ್ · 7:02

ದುಡ್ಡು ಹಾಳು ಮಾಡಬೇಡಿ. 1 ಫ್ಯಾರಡ್ ಕೆಪಾಸಿಟರ್ 13.8ರಿಂದ 12.8ಕ್ಕೆ ಇಳಿಯುವಾಗ ಕೊಡುವುದು ಸುಮಾರು 13 ಜೂಲ್. ನಿಮ್ಮ ಆಂಪ್ ಜೋರಾಗಿ ಎಳೆಯುವಾಗ ಅದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿಗೆ ಸಾಕು. ಅಷ್ಟೇ.

ಆಲ್ಟರ್ನೇಟರಿನದ್ದೂ ತಪ್ಪಲ್ಲ ಅಂತ ನನ್ನ ಅಂದಾಜು. ಅದು ಸೋತಿದ್ದರೆ ಬ್ಯಾಟರಿಯ ಮೇಲೆಯೇ ವೋಲ್ಟ್ ಬೀಳಬೇಕಿತ್ತು. ಅಲ್ಲಿ 13.6 ನಿಂತಿದೆ. ಆದರೂ ಹೆಡ್‌ಲೈಟ್ ಮಂಕು. ಅಂದರೆ ವೋಲ್ಟ್ ಎಲ್ಲೋ ದಾರಿಯಲ್ಲಿ ಸೋರುತ್ತಿದೆ.

ಫೋನಿನಲ್ಲಿ 50 ಹರ್ಟ್ಜ್ ಟೋನ್ ಹಾಕಿ, ಹಾಡಾದರೆ ಮೀಟರ್ ಕುಣಿಯುತ್ತದೆ. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ಸಬ್ ಕಾಯಿಲ್ ಸುಡುತ್ತದೆ. ಡಿಸಿ ವೋಲ್ಟಿಗೆ ಇಟ್ಟು ಉದ್ದ ವಯರ್ ಕಟ್ಟಿ ಮೂರು ಕಡೆ ನೋಡಿ: ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಆಂಪ್ ಮೈನಸ್‌ಗೆ, ಬ್ಯಾಟರಿ ಮೈನಸ್‌ನಿಂದ ಬಾಡಿಯ ಬರೀ ತಗಡಿಗೆ.

ಉಪ್ಪಳ_ಬೇಸ್ · 7:10

ಜೂಲ್ ಗೀಲ್ ನಮಗೆ ಬೇಡ. ಕಿವಿಗೆ ಕೇಳುವುದು ಮುಖ್ಯ.

ಬದಿಯಡ್ಕ_ಭಾವ · ಸೋಮವಾರ ರಾತ್ರಿ 9:15

ಹೆಂಡತಿಯನ್ನು ಡಿಕ್ಕಿಯ ಹತ್ತಿರ ನಿಲ್ಲಿಸಿ ಅಳೆದೆ. ಟೋನ್ ಕೇಳಿ ನೆರೆಮನೆಯವರು ಪಂಪು ಕೆಟ್ಟಿತಾ ಅಂತ ಬಂದರು.

ಪ್ಲಸ್ಸಿಂದ ಪ್ಲಸ್ಸಿಗೆ 0.7. ಮೈನಸ್ಸಿಂದ ಮೈನಸ್ಸಿಗೆ 1.7. ಮೈನಸ್ಸಿಂದ ಬಾಡಿಗೆ 1.5. ಆಂಪಿನ ಮೇಲೆ ಉಳಿದದ್ದು 11.2. ಹೀಗೆ ಇರುತ್ತದಾ?

ನೀರ್ಚಾಲು_ಮೀಟರ್ · 9:31

ಇರಬಾರದು. ಬಾಡಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.2 ದಾಟಿದರೇ ನಾನು ಬಾನೆಟ್ ಎತ್ತುತ್ತೇನೆ. ನಿಮ್ಮಲ್ಲಿ ಒಂದೂವರೆ!

ಪ್ಲಸ್ ಕಡೆಯ 0.7 ಆ ಕಿಟ್ ವಯರಿನದ್ದು. ಒಂದು ತುದಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಒಳ್ಳೆ ತಾಮ್ರದ 8 ಗೇಜ್ ಆಗಿದ್ದರೆ ಐದು ಮೀಟರಿಗೆ ಅರ್ಧ ವೋಲ್ಟಿನ ಹತ್ತಿರ ನಿಲ್ಲುತ್ತಿತ್ತು. ಅದು ಆಮೇಲಿನ ಮಾತು.

ಈಗ ಹೇಳಿ, ಇದು ಶುರುವಾಗುವ ಮೊದಲು ಇಂಜಿನ್, ಗೇರ್‌ಬಾಕ್ಸ್ ಯಾರಾದರೂ ಮುಟ್ಟಿದ್ದರಾ?

ಬದಿಯಡ್ಕ_ಭಾವ · 9:40

ಆಂಪಿಗೂ ಅದಕ್ಕೂ ಎಂತ ಸಂಬಂಧ? ಎರಡು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ, ಅಷ್ಟೇ. ಆ ಕ್ಲಚ್ಚೂ ಈಗ ಗಟ್ಟಿಯಾಗಿದೆ. ಪೆಡಲಿನ ಹತ್ತಿರ ಕೇಬಲ್ ಮುಟ್ಟಿದರೆ ಬೆಚ್ಚಗೆ ಬೇರೆ. ಅದಕ್ಕೆ ಬೇರೆ ಪೋಸ್ಟ್ ಹಾಕುವ ಅಂತಿದ್ದೆ.

ನೀರ್ಚಾಲು_ಮೀಟರ್ · 9:44

ಬೇರೆ ಪೋಸ್ಟ್ ಬೇಡ ಮಾರಾಯ್ರೆ. ನಾಳೆ ಬೆಳಕಿನಲ್ಲಿ ಗೇರ್‌ಬಾಕ್ಸಿನ ಹತ್ತಿರ ನೋಡಿ. ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಎಲ್ಲಿಗೂ ತಾಗದೆ ನೇತಾಡುತ್ತಿರಬಹುದು. ಬ್ಯಾಟರಿ ಮೈನಸ್ ಗೇರ್‌ಬಾಕ್ಸಿಗೆ ಹೋಗಿದ್ದರೆ ಗಾಡಿ ಸ್ಟಾರ್ಟ್ ಆಗಲು ಏನೂ ತೊಂದರೆಯಿಲ್ಲ. ಅದಕ್ಕೇ ಗೊತ್ತಾಗುವುದಿಲ್ಲ. ಹೆಡ್‌ಲೈಟ್, ಆಂಪ್ ಎರಡಕ್ಕೂ ಅರ್ತ್ ಬಾಡಿಯಲ್ಲಿ. ಆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ದಾರಿ ಹುಡುಕುತ್ತದೆ. ಸಿಕ್ಕಿದ ದಾರಿ ನಿಮ್ಮ ಕ್ಲಚ್ ಕೇಬಲ್. ಒಂದೂವರೆ ವೋಲ್ಟ್, 50 ಆಂಪಿಯರ್ ಅಂದರೆ 75 ವಾಟ್. ಎರಡು ಸೋಲ್ಡರಿಂಗ್ ಐರನ್ನಿನ ಬಿಸಿ.

ಮುಳ್ಳೇರಿಯ_12ವೋಲ್ಟ್ · 9:58

ನಾನೂ ಅರ್ತ್ ಅಂತಲೇ ಹೇಳಿದ್ದು.

ತೆಂಕು_ಕಿವಿ · 10:01

ನೀವು ಹೇಳಿದ್ದು ಹಿಂದಿನ ಬೋಲ್ಟ್. ಅದಕ್ಕೂ ಮೊದಲು ಆಲ್ಟರ್ನೇಟರ್.

ಬದಿಯಡ್ಕ_ಭಾವ · ಬುಧವಾರ ರಾತ್ರಿ 8:20

ಪಟ್ಟಿ ಗೇರ್‌ಬಾಕ್ಸಿನಲ್ಲಿ ನೇತಾಡುತ್ತಿತ್ತು. ಬಾಡಿ ಕಡೆಯ ಬೋಲ್ಟೇ ಇಲ್ಲ! ಕ್ಲಚ್ ಮಾಡಿದವನ ಹತ್ತಿರ ಕೇಳಿದರೆ "ಮೊದಲೇ ಇರಲಿಲ್ಲ" ಅಂತಾನೆ. ಮತ್ತೆ ಪಟ್ಟಿ ಯಾಕೆ ಇತ್ತು?

4 ಗೇಜಿನ ತಾಮ್ರ ತಂದು ಎರಡೂ ತುದಿಗೆ ಲಗ್ ಒತ್ತಿಸಿ, ಬಣ್ಣ ಕೆರೆದು ಬಿಗಿದೆ. ಬ್ಯಾಟರಿ ಮೈನಸ್‌ನಿಂದ ಬಾಡಿಗೂ ಇನ್ನೊಂದು ಹಾಕಿದೆ. ಈಗ ಮೈನಸ್ ಕಡೆ ಒಟ್ಟು 0.25. ಆಂಪಿನಲ್ಲಿ 12.6. ಕೆಂಪು ದೀಪ ಇಲ್ಲ. ನಿನ್ನೆ ಬಣ್ಣದ ವೇಷ ಪೂರ್ತಿ ಕುಣಿದು ಹೋಯಿತು. ಕೇಬಲ್ ತಣ್ಣಗೆ, ಕ್ಲಚ್ ಮಾತ್ರ ಇನ್ನೂ ಗಟ್ಟಿ.

ಸಿಗ್ನಲಿನಲ್ಲಿ ನಿಂತಾಗ ಜೋರು ಇಟ್ಟರೆ ಲೈಟ್ ಸ್ವಲ್ಪ ಮಿಟುಕುತ್ತದೆ. ಓಡುವಾಗ ಇಲ್ಲ.

ನೀರ್ಚಾಲು_ಮೀಟರ್ · 8:33

ಕೇಬಲಿನ ಒಳಗಿನ ಪ್ಲಾಸ್ಟಿಕ್ ಕರಗಿದೆ, ಬದಲಾಯಿಸಿ. ನಡುದಾರಿಯಲ್ಲಿ ತುಂಡಾದರೆ ಕಷ್ಟ. ಐಡ್ಲಿನಲ್ಲಿ ಆಲ್ಟರ್ನೇಟರ್ ಕೊಡುವುದೇ ಕಡಿಮೆ, ನಿಂತಾಗ ವಾಲ್ಯೂಮ್ ಇಳಿಸಿ. ಪ್ಲಸ್ ವಯರನ್ನೂ 4 ಗೇಜ್ ತಾಮ್ರ ಮಾಡಿದರೆ ಇನ್ನೂ ಅರ್ಧ ವೋಲ್ಟ್ ಸಿಗುತ್ತದೆ.

ಮುಳ್ಳೇರಿಯ_12ವೋಲ್ಟ್ · 8:40

ಐಡ್ಲಿನಲ್ಲಿ ಮಿಟುಕುತ್ತದೆ ಅಂದರೆ ಆಲ್ಟರ್ನೇಟರ್. ಮೊದಲೇ ಹೇಳಿದ್ದೆ.

ಉಪ್ಪಳ_ಬೇಸ್ · 8:47

ಕೆಪಾಸಿಟರ್ ಹಾಕಿದ್ದರೆ ಅದೂ ಹೋಗುತ್ತಿತ್ತು. ನನ್ನ ಹತ್ತಿರ ಹಳೆಯದೊಂದು ಸುಮ್ನೆ ಬಿದ್ದಿದೆ. ನೀಲಿ ಡಿಸ್ಪ್ಲೇ ಇರುವಂಥದ್ದು, ವೋಲ್ಟ್ ತೋರಿಸುತ್ತದೆ.

ಬದಿಯಡ್ಕ_ಭಾವ · 8:49

ಎಷ್ಟಕ್ಕೆ ಕೊಡುತ್ತೀರಿ?