ಕ್ರೂಸಿಫರ್: ಚರ್ಚಿನಲ್ಲಿ ಶಿಲುಬೆ ಹಿಡಿಯುವವರಿಗೂ ಎಲೆಕೋಸಿಗೂ ಒಂದೇ ಹೆಸರು ಯಾಕೆ?

ಹುರಿಗಡಲೆ:
ಅಮ್ಮನಿಗೆ ಥೈರಾಯ್ಡ್ ಇದೆ. ಡಯಟ್ ಚೀಟಿಯಲ್ಲಿ ಕ್ರೂಸಿಫೆರಸ್ ತರಕಾರಿ ಹಸಿಯಾಗಿ ತಿನ್ನಬೇಡಿ ಅಂತ ಬರೆದಿದ್ದಾರೆ. ಅಂದರೆ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಇವೆಲ್ಲ ಅಂತೆ. ಸರಿ ಅಂದುಕೊಂಡೆ. ಆದರೆ ಇಂಗ್ಲೆಂಡಿನಲ್ಲಿರುವ ತಂಗಿ ಅಲ್ಲಿನ ಆಂಗ್ಲಿಕನ್ ಚರ್ಚಿನ ಆರಾಧನೆಯ ಹಾಳೆಯ ಫೋಟೊ ಕಳಿಸಿದ್ದಾಳೆ, ಅದರಲ್ಲಿ ಅವಳ ಗೆಳತಿಯ ಹೆಸರಿನ ಎದುರು "ಕ್ರೂಸಿಫರ್" ಅಂತ ಅಚ್ಚಾಗಿದೆ! ಶಿಲುಬೆ ಹಿಡಿದು ಮೆರವಣಿಗೆಯ ಮುಂದೆ ಹೋಗುವುದು ಅವಳ ಕೆಲಸವಂತೆ. ಕೋಸಿಗೂ ಶಿಲುಬೆಗೂ ಎಲ್ಲಿಯ ನಂಟು? ಕೋಸನ್ನು ಅಡ್ಡ ಕೊಯ್ದು ನೋಡಿದೆ, ಶಿಲುಬೆ ಏನೂ ಕಾಣಲಿಲ್ಲ.

ಕುಡ್ಲದವ:
ಲ್ಯಾಟಿನ್ನಿನಲ್ಲಿ ಕ್ರುಕ್ಸ್ ಅಂದರೆ ಶಿಲುಬೆ, ಫೆರ್ರೆ ಅಂದರೆ ಹೊರುವುದು. ಅಷ್ಟೇ. ನಮ್ಮ ಕ್ಯಾಥೊಲಿಕ್ ಬಲಿಪೂಜೆಯಲ್ಲೂ ಈ ಕೆಲಸ ಇದೆ. ಧೂಪ ಇದ್ದರೆ ಧೂಪದವನು ಮೊದಲು, ಅವನ ಹಿಂದೆ ಉದ್ದ ಕೋಲಿನ ಮೇಲಿನ ಶಿಲುಬೆ, ಅದರ ಎಡಬಲಕ್ಕೆ ಮೇಣದಬತ್ತಿ ಹಿಡಿದ ಇಬ್ಬರು, ಗುರುಗಳು ಕೊನೆಗೆ. ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆ ನಡೆಯುವ ದಿಕ್ಕಿಗೇ ಮುಖ ಮಾಡಿರಬೇಕು. ಧೂಪದವನಿಗೂ ಇದೇ ಥರ ಥೂರಿಫರ್ ಅನ್ನುವ ಹೆಸರಿದೆ. ಆದರೆ ನಮ್ಮೂರಲ್ಲಿ ಈ ಹೆಸರೆಲ್ಲ ಯಾರೂ ಹೇಳುವುದಿಲ್ಲ, "ಏ, ಖುರಿಸ್ ಹಿಡ್ಕೋ" ಅಂತಾರೆ, ಆಲ್ಟರ್ ಬಾಯ್ಸ್‌ನಲ್ಲಿ ಸ್ವಲ್ಪ ಎತ್ತರದವನು ಯಾರೋ ಅವನ ಕೈಗೆ ಬರುತ್ತದೆ. ಕೋಸಿನ ವಿಷಯ ಗಿಡ ಗೊತ್ತಿರುವವರು ಹೇಳಲಿ.

ಹಿತ್ತಲಗಿಡ:
ನೀವು ನೋಡಬೇಕಾದ್ದು ಕೋಸನ್ನಲ್ಲ, ಅದರ ಹೂವನ್ನು. ನಾಲ್ಕೇ ಎಸಳು, ಎದುರುಬದುರು, ಮೇಲಿನಿಂದ ನೋಡಿದರೆ ಅಡ್ಡ ಗೆರೆ ಉದ್ದ ಗೆರೆ. ಆ ಶಿಲುಬೆ ಹೊತ್ತ ಗಿಡಗಳು ಅನ್ನುವ ಅರ್ಥದಲ್ಲಿ ಕ್ರೂಸಿಫೆರೆ. 1789ರಲ್ಲಿ ಫ್ರಾನ್ಸಿನ ಜ್ಯೂಸಿಯೂ ಈ ಕುಟುಂಬಕ್ಕೆ ಆ ಹೆಸರು ಕೊಟ್ಟ. ಈಗ ಜಾಸ್ತಿ ಬಳಸುವುದು ಬ್ರಾಸಿಕೇಸಿ, ಆದರೆ ಹಳೆಯ ಹೆಸರೂ ಸಿಂಧು. ಹಾಗೆ ಎರಡು ಹೆಸರು ಇಟ್ಟುಕೊಳ್ಳಲು ಒಪ್ಪಿಗೆ ಇರುವ ಸಸ್ಯ ಕುಟುಂಬಗಳು ಎಂಟೇ ಎಂಟು.

ನಮಗೆ ಈ ನಂಟು ತಟ್ಟನೆ ಹೊಳೆಯದಿರುವುದಕ್ಕೆ ಕಾರಣ, ನಾವು ಇವುಗಳ ಹೂ ನೋಡುವುದೇ ಇಲ್ಲ. ಕೋಸನ್ನು ಎಲೆ ಮುಚ್ಚಿಕೊಂಡಿರುವಾಗಲೇ ಕೊಯ್ಯುತ್ತೇವೆ, ಬಿಟ್ಟರೂ ಅದಕ್ಕೆ ಹೂವಿಗೆ ಬರಲು ಒಳ್ಳೆಯ ಚಳಿ ಬೇಕು. ಅದಕ್ಕೇ ಇಂಥ ಕೋಸಿನ ಬೀಜ ಮಾಡುವುದು ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ. ಹೂಕೋಸಿನಲ್ಲಿ ನಾವು ತಿನ್ನುವುದು ಇನ್ನೂ ಹೂವೇ ಆಗದ ಭಾಗ. ಸುಮ್ನೆ ಒಂದು ಮೂಲಂಗಿಯನ್ನು ಕೀಳದೆ ಬಿಡಿ, ಇಲ್ಲವೇ ಒಗ್ಗರಣೆ ಡಬ್ಬಿಯ ಸಾಸಿವೆಯನ್ನು ಕುಂಡಕ್ಕೆ ಎರಚಿ. ಸಾಸಿವೆಯದ್ದು ಹಳದಿ, ಮೂಲಂಗಿಯದ್ದು ಬಿಳಿ ಅಥವಾ ತೆಳು ನೇರಳೆ. ಎರಡರಲ್ಲೂ ಶಿಲುಬೆ ಕಾಣುತ್ತದೆ. ಉತ್ತರ ಕರ್ನಾಟಕದವರ ಅಳ್ವಿ ಉಂಡಿಯ ಅಳ್ವಿಯೂ ಇದೇ ಕುಟುಂಬ.

ಕುಡ್ಲದವ:
ಹಾಗಾದರೆ ಕೇಪಳ? ನಮ್ಮ ಗುಡ್ಡದ ತುಂಬ ಕೆಂಪಗೆ ಅರಳುತ್ತದಲ್ವಾ, ಅದರ ಹೂವೂ ನಾಲ್ಕೆಸಳಿನ ಪಕ್ಕಾ ಶಿಲುಬೆ. ಅದೂ ಕೋಸಿನ ನೆಂಟನಾ?

ಹಿತ್ತಲಗಿಡ:
ಒಳ್ಳೆಯ ಪ್ರಶ್ನೆ! ಅಲ್ಲ, ಕೇಪಳ ಕಾಫಿಯ ಕುಟುಂಬದ್ದು. ಕೇಪಳದ ಎಸಳುಗಳು ಕೆಳಗೆ ಒಂದಾಗಿ ಉದ್ದ ಕೊಳವೆ ಆಗಿವೆ, ಮಕ್ಕಳು ಅದನ್ನು ಕಿತ್ತು ಜೇನು ಹೀರುತ್ತಾರಲ್ಲ, ಅದೇ ಕೊಳವೆ. ಸಾಸಿವೆಯಲ್ಲಿ ಎಸಳುಗಳು ಬಿಡಿಬಿಡಿ. ಇನ್ನೂ ಗಟ್ಟಿ ಗುರುತು ಕೇಸರಗಳು: ಒಟ್ಟು ಆರು, ನಾಲ್ಕು ಉದ್ದ, ಎರಡು ಗಿಡ್ಡ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಶಿಲುಬೆಯ ಗೊಡವೆಗೆ ಹೋಗದೆ ಈ ಕೇಸರದ ಲೆಕ್ಕ ಹಿಡಿದೇ ಇವಕ್ಕೆ ಬೇರೆ ವರ್ಗ ಮಾಡಿದ್ದ. ನನ್ನನ್ನು ಕೇಳಿದರೆ ಅವನದೇ ಜಾಣತನ, ಆದರೆ ಜನರ ಬಾಯಲ್ಲಿ ಉಳಿದದ್ದು ಶಿಲುಬೆ.

ಮೆಣಸಿನಸಾರು:
ಡಯಟ್ ಚೀಟಿಯಲ್ಲಿ "ಹಸಿಯಾಗಿ" ಅಂತ ಯಾಕಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಈ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಅನ್ನುವ ಗಂಧಕದ ಸಂಯುಕ್ತಗಳಿವೆ. ಹೆಚ್ಚಿದಾಗ, ಅರೆದಾಗ ಗಿಡದ್ದೇ ಒಂದು ಕಿಣ್ವ ಅದನ್ನು ಒಡೆಯುತ್ತದೆ, ಆಗ ಘಾಟು ಬರುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಸಾಧು, ಹಸಿ ಸಾಸಿವೆ ಅರೆದು ಹಾಕಿದ ಮೊಸರು ಸಾಸಿವೆ ಮೂಗಿಗೇ ಹತ್ತುತ್ತದೆ, ಅಲ್ವಾ? ಹೀಗೆ ಒಡೆದಾಗ ಹುಟ್ಟುವ ಕೆಲವು ವಸ್ತುಗಳು ಥೈರಾಯ್ಡ್ ಅಯೋಡಿನ್ ಎಳೆದುಕೊಳ್ಳುವುದಕ್ಕೆ ಅಡ್ಡಿ ಮಾಡಬಲ್ಲವು. ಬೇಯಿಸಿದರೆ ಕಿಣ್ವ ಕೆಡುತ್ತದೆ, ಹಾಗಾಗಿ ಪಲ್ಯ ಬೇರೆ, ಹಸಿ ಕೋಸಿನ ಜ್ಯೂಸ್ ಬೇರೆ. ಎಷ್ಟು ತಿನ್ನಬಹುದು ಅನ್ನುವುದನ್ನು ಮಾತ್ರ ಅಮ್ಮನ ಡಾಕ್ಟರ್ ಹತ್ತಿರವೇ ಕೇಳಿ.

ಹುರಿಗಡಲೆ:
ಎಲ್ಲರಿಗೂ ಥ್ಯಾಂಕ್ಸ್. ತಂಗಿಗೆ ಫಾರ್ವರ್ಡ್ ಮಾಡಿದೆ. ಇನ್ನೊಂದು ಪ್ರಶ್ನೆ: ನುಗ್ಗೆ ಬೇರಿಗೂ ಮೂಲಂಗಿ ಥರದ್ದೇ ಘಾಟು ಇರುತ್ತದೆ. ಅದೂ ಕ್ರೂಸಿಫರಾ?

ಹಿತ್ತಲಗಿಡ:
ಹತ್ತಿರ ಬಂದಿರಿ. ನುಗ್ಗೆ ಹೂವಿಗೆ ಐದು ಎಸಳು, ಕುಟುಂಬ ಬೇರೆ. ಆದರೆ ಕುಟುಂಬಕ್ಕಿಂತ ಒಂದು ಮೆಟ್ಟಿಲು ಮೇಲೆ, ಬ್ರಾಸಿಕೇಲಿಸ್ ಅನ್ನುವ ಗಣದಲ್ಲಿ ಕೋಸು, ನುಗ್ಗೆ, ಪಪ್ಪಾಯಿ ಮೂರೂ ಒಟ್ಟಿಗಿವೆ. ಪಪ್ಪಾಯಿ ಬೀಜ ಒಂದನ್ನು ಅಗಿದು ನೋಡಿ, ಸಾಸಿವೆಯದ್ದೇ ಖಾರ.